'ನಮ್ಮವ' ಹಾಕಿದ ಸಹಿ

ಚುನಾವಣೆ ಸಮೀಪಿಸಿದೊಡನೆ ಮಲೆನಾಡಿನ ಸಹಕಾರಿ ಸಂಘಗಳ ಜಗಲಿಯಲ್ಲಿ, ಬಸ್ ನಿಲ್ದಾಣದೆದುರಿನ ಹೋಟೆಲುಗಳಲ್ಲಿ, ಮದುವೆಮನೆಗಳ ಚಪ್ಪರದಲ್ಲಿ ಕೇಳಿಬರುವ ಅತಿ ದೊಡ್ಡ ಪ್ರಶಂಸೆ ಎರಡೇ ಪದಗಳದ್ದು: 'ಅವ ನಮ್ಮವ.' ಕರೆದರೆ ಫೋನು ಎತ್ತುತ್ತಾನೆ. ಸೂತಕದ ಮನೆಗೆ ಮೊದಲು ಬರುವವನು ಅವನೇ. ಬಂದರೆ ಕುರ್ಚಿ ಕೇಳದೆ ಜಗಲಿಯ ತುದಿಯಲ್ಲಿ ಕುಳಿತು ಕವಳ ಹಾಕುತ್ತಾನೆ. ಕೊಳೆರೋಗದ ವರ್ಷ ಕಣ್ಣೀರು ತಂದುಕೊಳ್ಳುತ್ತಾನೆ. ಆಟ ಇದ್ದ ರಾತ್ರಿ ಬೆಳಗಿನವರೆಗೆ ಕುಳಿತಿರುತ್ತಾನೆ. ಇವೆಲ್ಲ ಸುಳ್ಳಲ್ಲ, ಬಹುಪಾಲು ನಿಜವೇ. ಸಜ್ಜನಿಕೆಯ ಈ ಪಟ್ಟಿ ಎಷ್ಟು ಉದ್ದವಾದರೂ ಅದರಲ್ಲಿ ಒಂದು ಪ್ರಶ್ನೆ ಮಾತ್ರ ಎಂದೂ ಸೇರುವುದಿಲ್ಲ. ಈ ಮನುಷ್ಯ ತನ್ನ ಕ್ಷೇತ್ರದ ಗುಡ್ಡ, ಹೊಳೆ, ಕಾನುಗಳ ಕುರಿತ ಕಡತವೊಂದನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದಾನೆಯೇ?

ಜನನಾಯಕನಲ್ಲಿ ಮತದಾರರು ಹುಡುಕಬೇಕಾದದ್ದು ಆತ್ಮೀಯತೆಯನ್ನೋ ಸಾಮರ್ಥ್ಯವನ್ನೋ ಎಂಬುದು ಪ್ರಜಾಪ್ರಭುತ್ವದಷ್ಟೇ ಹಳೆಯ ಚರ್ಚೆ. ನಗರಗಳಲ್ಲಿ ಅದು ಟೆಲಿವಿಷನ್ ಸಂವಾದದ ವಿಷಯವಾಗಿ ಮುಗಿದುಹೋಗಬಹುದು. ಪಶ್ಚಿಮಘಟ್ಟದ ಸೆರಗಿನಲ್ಲಿ ಹಾಗಲ್ಲ. ಇಲ್ಲಿ ಆ ಆಯ್ಕೆಯ ಪರಿಣಾಮವನ್ನು ಜನ ತಮ್ಮ ಪಹಣಿ ಪತ್ರದಲ್ಲಿ, ಬಾವಿಯ ನೀರಿನ ಮಟ್ಟದಲ್ಲಿ, ಮನೆಯ ಹಿಂದಿನ ಧರೆಯ ಬಿರುಕಿನಲ್ಲಿ ಓದಿಕೊಳ್ಳಬೇಕಾಗಿದೆ.

ಮೊದಲು ಕಸ್ತೂರಿರಂಗನ್ ವರದಿಯ ಪ್ರಸಂಗವನ್ನೇ ನೋಡಬಹುದು. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ತಜ್ಞರ ಸಮಿತಿ 2011ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಅದು ಯಾರಿಗೂ ರುಚಿಸದಿದ್ದುದರಿಂದ ಕೆ. ಕಸ್ತೂರಿರಂಗನ್ ನೇತೃತ್ವದಲ್ಲಿ ಇನ್ನೊಂದು ಸಮಿತಿ ಬಂತು. ಅದರ ವರದಿ 2013ರ ಏಪ್ರಿಲಿನಲ್ಲಿ ಹೊರಬಿತ್ತು. ಅದರ ಆಧಾರದಲ್ಲಿ ಕೇಂದ್ರ ಸರಕಾರ 2014ರ ಮಾರ್ಚಿನಿಂದ 2024ರ ಜುಲೈವರೆಗೆ ಆರು ಬಾರಿ ಕರಡು ಅಧಿಸೂಚನೆ ಹೊರಡಿಸಿತು. ಆರನೆಯ ಕರಡಿನ ದಿನಾಂಕ 2024ರ ಜುಲೈ 31. ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಮಣ್ಣಿನಡಿ ಹೂತುಹೋದ ಮರುದಿನ. ಇಡೀ ಘಟ್ಟಶ್ರೇಣಿಯ 56,825 ಚದರ ಕಿಲೋಮೀಟರ್ ಸೂಕ್ಷ್ಮ ಪ್ರದೇಶದಲ್ಲಿ ಕರ್ನಾಟಕದ ಪಾಲು 20,668. ಆರು ರಾಜ್ಯಗಳಲ್ಲಿ ಅತಿ ದೊಡ್ಡ ಪಾಲು ಅದು.

ಈ ಹತ್ತು ವರ್ಷಗಳಲ್ಲಿ ಮಲೆನಾಡಿನ ಸಭೆಗಳಲ್ಲಿ ಪಕ್ಷಭೇದವಿಲ್ಲದೆ ಮೊಳಗಿದ ವಾಕ್ಯವೆಂದರೆ 'ಒಬ್ಬರನ್ನೂ ಒಕ್ಕಲೆಬ್ಬಿಸಲು ಬಿಡುವುದಿಲ್ಲ.' ಚಪ್ಪಾಳೆ ಗಿಟ್ಟಿಸುವ ಮಾತು. ಕರಡಿನಲ್ಲಿ ನಿಷೇಧಕ್ಕೊಳಗಾದವು ಯಾವುವು? ಗಣಿಗಾರಿಕೆ, ಕಲ್ಲು ಕ್ವಾರಿ, ಮರಳುಗಾರಿಕೆ, ಹೊಸ ಉಷ್ಣವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ ಕೈಗಾರಿಕೆ, 20,000 ಚದರ ಮೀಟರಿಗೆ ಮಿಕ್ಕಿದ ಕಟ್ಟಡ, ಬೃಹತ್ ಬಡಾವಣೆ. ಅಡಕೆ ತೋಟಕ್ಕೆ, ಭತ್ತದ ಗದ್ದೆಗೆ, ಕಾಫಿ ಗಿಡಕ್ಕೆ, ಹಟ್ಟಿಯ ಎಮ್ಮೆಗೆ ಅದರಲ್ಲಿ ನಿಷೇಧವಿಲ್ಲ. ಇಪ್ಪತ್ತು ಸಾವಿರ ಚದರ ಮೀಟರಿನ ಮನೆ ಕಟ್ಟುವ ಯೋಚನೆಯಲ್ಲಿರುವ ಅಡಕೆ ಬೆಳೆಗಾರ ಮಲೆನಾಡಿನಲ್ಲಿ ಎಲ್ಲಿದ್ದಾನೋ ತಿಳಿಯದು. ಕ್ವಾರಿಯ ಮಾಲೀಕ ಮಾತ್ರ ಇದ್ದಾನೆ. ಅನೇಕ ಕಡೆ ಅವನು ಸಭೆಯ ವೇದಿಕೆಯ ಮೇಲೆಯೇ ಇರುತ್ತಾನೆ.

ಹಾಗೆಂದು ಆ ಕರಡು ನಿರ್ದೋಷವಾದದ್ದೇನೂ ಅಲ್ಲ. ಉಪಗ್ರಹ ಚಿತ್ರಗಳನ್ನು ನೆಚ್ಚಿ, ಒಂದು ಗ್ರಾಮದ ಶೇಕಡ 20ರಷ್ಟು ಭಾಗ ನೈಸರ್ಗಿಕ ಪರಿಸರವೆಂದು ಕಂಡುಬಂದರೆ ಇಡೀ ಗ್ರಾಮವನ್ನೇ ಸೂಕ್ಷ್ಮವೆಂದು ಗುರುತಿಸಿದ ಕ್ರಮಕ್ಕೆ ಗಂಭೀರ ಆಕ್ಷೇಪಗಳಿದ್ದವು. ತೋಟದ ಹಸಿರೂ ಕಾಡಿನ ಹಸಿರೂ ಆಕಾಶದಿಂದ ಬೇರೆಯಾಗಿ ಕಾಣಿಸುತ್ತವೆಯೇ, ಸೊಪ್ಪಿನಬೆಟ್ಟವನ್ನು ಯಾವ ಲೆಕ್ಕಕ್ಕೆ ಹಿಡಿದಿದ್ದಾರೆ, ಗ್ರಾಮದ ಬದಲು ಸರ್ವೆ ನಂಬರಿನ ಮಟ್ಟದಲ್ಲಿ ಗಡಿ ಎಳೆಯಲು ಸಾಧ್ಯವಿಲ್ಲವೇ, ಗಾಡ್ಗೀಳ್ ಸಮಿತಿ ಹೇಳಿದಂತೆ ಗ್ರಾಮಸಭೆಗಳ ಅಭಿಪ್ರಾಯವನ್ನು ಆಧಾರವಾಗಿಟ್ಟುಕೊಳ್ಳಲು ಏನಡ್ಡಿ ಎಂದೆಲ್ಲ ಕೇಳಬಹುದಿತ್ತು. ಆಕ್ಷೇಪಣೆ ಸಲ್ಲಿಸಲು ಕರಡು ಅಧಿಸೂಚನೆ 60 ದಿನಗಳ ಅವಕಾಶವನ್ನೂ ಕೊಡುತ್ತದೆ. ನೆರೆಯ ಕೇರಳ ಈ ಕೆಲಸವನ್ನು ಕಾಗದದ ಮೇಲೆ ಮಾಡಿತು. ಊಮ್ಮನ್ ವಿ. ಊಮ್ಮನ್ ನೇತೃತ್ವದಲ್ಲಿ ಸಮಿತಿ ರಚಿಸಿ, ಸ್ಥಳ ಪರಿಶೀಲನೆ ನಡೆಸಿ, 13,108 ಚದರ ಕಿಲೋಮೀಟರ್ ಇದ್ದ ತನ್ನ ಪಾಲನ್ನು 2014ರ ಮೊದಲ ಕರಡಿನಲ್ಲೇ 9,993.7ಕ್ಕೆ ಇಳಿಸಿಕೊಂಡಿತು. ಆ ಕಡಿತ ಘಟ್ಟಕ್ಕೆ ಹಿತವಾದದ್ದೆಂದು ಹೇಳಲಾಗದು. ಗಾಡ್ಗೀಳ್ ಸಮಿತಿ ಅತಿಸೂಕ್ಷ್ಮವೆಂದು ಗುರುತಿಸಿದ್ದ ವೈತಿರಿ ತಾಲ್ಲೂಕಿನಲ್ಲೇ 2024ರ ದುರಂತ ಸಂಭವಿಸಿತು. ಇಲ್ಲಿ ಗಮನಿಸಬೇಕಾದದ್ದು ಬೇರೆ. ಕರ್ನಾಟಕದಲ್ಲೂ ಸಂಪುಟ ಉಪಸಮಿತಿ ರಚನೆಯಾಯಿತು, ಸಭೆಗಳಾದವು. ಅಂತಿಮವಾಗಿ ಉಳಿದದ್ದು 'ಸಂಪೂರ್ಣ ತಿರಸ್ಕಾರ' ಎಂಬ ಘೋಷಣೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಅದನ್ನೇ ಮತ್ತೊಮ್ಮೆ ಹೇಳಿತು. ಆರನೆಯ ಕರಡಿನಲ್ಲೂ ಆ 20,668 ಹಾಗೆಯೇ ನಿಂತಿತ್ತು. ಜನರ ಪರವಾಗಿ ಹತ್ತು ವರ್ಷ ಗುಡುಗಿದವರು ಜನರ ಹೆಸರಿನಲ್ಲಿ ಒಂದು ಸರ್ವೆ ನಂಬರನ್ನೂ ತಿದ್ದಿಸಲಿಲ್ಲ. ಪರಿಸರವಾದಿಗಳ ಅಳತೆಗೋಲನ್ನು ಬದಿಗಿಟ್ಟು, ಅವರದೇ ಅಳತೆಗೋಲಿನಿಂದ ಅಳೆದರೂ ಇದು ಸೋಲು.

ಇದಕ್ಕಿಂತ ದಾರುಣವಾದದ್ದು ಶರಾವತಿ ಮುಳುಗಡೆ ಸಂತ್ರಸ್ತರ ಕಥೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಸಾವಿರಾರು ಕುಟುಂಬಗಳನ್ನು ಲಾರಿಗಳಲ್ಲಿ ತುಂಬಿ ಸಾಗರ, ಹೊಸನಗರ, ಶಿವಮೊಗ್ಗ, ತೀರ್ಥಹಳ್ಳಿಗಳ ಕಾಡಿನ ಅಂಚುಗಳಲ್ಲಿ ಇಳಿಸಲಾಯಿತು. 'ಇಲ್ಲಿ ಸಾಗುವಳಿ ಮಾಡಿಕೊಳ್ಳಿ' ಎಂದವರು, ಆ ನೆಲ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿದಿದೆ ಎಂಬುದರ ಗೊಡವೆಗೆ ಹೋಗಲಿಲ್ಲ. 1980ಕ್ಕೆ ಮೊದಲು ರಾಜ್ಯ ಸರಕಾರವೊಂದೇ ತೀರ್ಮಾನಿಸಿ ಮುಗಿಸಬಹುದಾಗಿದ್ದ ಕೆಲಸವದು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆ ಬಂತು. ಮೀಸಲು ಅರಣ್ಯವನ್ನು ಕೈಬಿಡಲು ಕೇಂದ್ರದ ಪೂರ್ವಾನುಮತಿ ಕಡ್ಡಾಯವಾಯಿತು. ಮುಂದಿನ ದಶಕಗಳಲ್ಲಿ ಬಂದ ಪ್ರತಿಯೊಬ್ಬ ಧುರೀಣನೂ ಸಂತ್ರಸ್ತರ ಮಗನೆಂದೋ ತಮ್ಮನೆಂದೋ ಹೇಳಿಕೊಂಡ. ರಾಜ್ಯ ಸರಕಾರ ಡಿನೋಟಿಫಿಕೇಷನ್ ಆದೇಶಗಳನ್ನು ಒಂದರ ಮೇಲೊಂದರಂತೆ ಹೊರಡಿಸಿತು. ಹಕ್ಕುಪತ್ರ ವಿತರಣೆಯ ಸಮಾರಂಭಗಳಾದವು, ಹಾರ ತುರಾಯಿಗಳಾದವು, ಮುದುಕಿಯರು ಕಣ್ಣೊರೆಸಿಕೊಂಡರು. ಕೇಂದ್ರದ ಪೂರ್ವಾನುಮತಿ ಎಂಬ ಒಂದು ಕಾಗದ ಮಾತ್ರ ಇರಲಿಲ್ಲ. ಆ ಒಂದು ಕಾಗದದ ಕೊರತೆಯಿಂದ 2021ರಲ್ಲಿ ರಾಜ್ಯ ಹೈಕೋರ್ಟು ಆ ಆದೇಶಗಳನ್ನು ರದ್ದುಪಡಿಸಿತು. ಆರು ದಶಕಗಳ ಹಿಂದೆ ನಾಡಿಗೆ ಬೆಳಕು ಕೊಡಲು ಊರು ಬಿಟ್ಟುಹೋದವರ ಮೊಮ್ಮಕ್ಕಳು ಮತ್ತೊಮ್ಮೆ ಒತ್ತುವರಿದಾರರೆಂಬ ಹೆಸರು ಹೊತ್ತರು.

ಈ ದುಃಖಕ್ಕೆ ಯಾರು ಹೊಣೆ? ನ್ಯಾಯಾಲಯಕ್ಕೆ ಹೋದವರು ಎಂದು ಬೈಯುವುದು ಸುಲಭ; ಬೈದದ್ದೂ ಆಯಿತು. ಆದರೆ ಕಾಯಿದೆಯ ಎರಡನೆಯ ಕಲಮನ್ನು ಓದದೆ ಸಹಿ ಹಾಕಿದವನು, ಓದಿಯೂ ಓದದವನಂತೆ ಸಹಿ ಹಾಕಿದವನು, ಇಬ್ಬರೂ 'ನಮ್ಮವರೇ' ಆಗಿದ್ದರು. ಹಕ್ಕುಪತ್ರ ಕೊಡುವಾಗಿನ ಅವರ ಪ್ರೀತಿ ಸುಳ್ಳಾಗಿರಲಿಲ್ಲವೆಂದೇ ಇಟ್ಟುಕೊಳ್ಳೋಣ. ಅದರಿಂದ ಆ ಪತ್ರದ ಬೆಲೆ ಒಂದಾಣೆಯೂ ಹೆಚ್ಚಾಗಲಿಲ್ಲ.

ಆತ್ಮೀಯತೆಯ ರಾಜಕಾರಣದ ಅಪಾಯ ಇಲ್ಲಿಯೇ ಇದೆ. ಅದು ನಾಯಕನ ಅಜ್ಞಾನವನ್ನು ಮುಚ್ಚುತ್ತದೆ ಎನ್ನುವುದು ಅರ್ಧ ಮಾತು. ಅದಕ್ಕಿಂತ ಮುಖ್ಯವಾಗಿ ಅದು ಮತದಾರನ ಬಾಯನ್ನು ಮುಚ್ಚುತ್ತದೆ. ಮನೆಯ ಮದುವೆಗೆ ಬಂದು ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕುಳಿತವನನ್ನು 'ಸದನದಲ್ಲಿ ಎತ್ತಿನಹೊಳೆಯ ಬಗ್ಗೆ ಏನು ಕೇಳಿದಿರಿ?' ಎಂದು ಪ್ರಶ್ನಿಸುವುದು ಅಸಭ್ಯತೆಯೆನಿಸುತ್ತದೆ. ನೆಂಟರಿಂದ ಯಾರೂ ರಸೀತಿ ಕೇಳುವುದಿಲ್ಲ. ಸಾಮರ್ಥ್ಯವನ್ನು ನೆಚ್ಚಿ ಗೆದ್ದವನಿಗೆ ಈ ರಕ್ಷಣೆ ಇರುವುದಿಲ್ಲ. 'ಕೆಲಸ ಗೊತ್ತು' ಎಂದು ಮತ ಪಡೆದವನು ಕೆಲಸವನ್ನು ತೋರಿಸಲೇಬೇಕು. 'ನಮ್ಮವ' ಎಂದು ಪಡೆದವನು ನಮ್ಮವನಾಗಿಯೇ ಉಳಿದರೆ ಸಾಕು.

ಮತದಾರರನ್ನು ಇದಕ್ಕಾಗಿ ಹೀಯಾಳಿಸುವುದು ನಗರದ ಅಂಕಣಕಾರರ ಚಾಳಿ. ಅದರಲ್ಲಿ ನ್ಯಾಯವಿಲ್ಲ. ಮಲೆನಾಡಿನ ಸಣ್ಣ ಹಿಡುವಳಿದಾರನ ಬದುಕು ಎಷ್ಟು ಕಡೆ ಶಾಸಕನ ಕೈಗೆ ಸಿಕ್ಕಿಕೊಂಡಿದೆಯೆಂಬುದನ್ನು ನೋಡಿದರೆ ಅವನ ಲೆಕ್ಕಾಚಾರ ಅರ್ಥವಾಗುತ್ತದೆ. ಬಗರ್‌ಹುಕುಂ ಸಾಗುವಳಿಯ ಸಕ್ರಮ ಸಮಿತಿಗೆ ಶಾಸಕನೇ ಅಧ್ಯಕ್ಷ. ಆಶ್ರಯ ಮನೆಯಿಂದ ಹಿಡಿದು ಆಸ್ಪತ್ರೆಯ ಹಾಸಿಗೆಯವರೆಗೆ, ಅರಣ್ಯ ಇಲಾಖೆಯ ಮೊಕದ್ದಮೆಯಿಂದ ಹಿಡಿದು ಮೇಷ್ಟರ ವರ್ಗಾವಣೆಯವರೆಗೆ ಅವನ ಒಂದು ಫೋನು ಬೇಕು. ಕಾನೂನಿನ ಪ್ರಕಾರ ತಾನಾಗಿ ಸಿಗಬೇಕಾದದ್ದು ಕೃಪೆಯಿಂದ ಮಾತ್ರ ಸಿಗುವ ವ್ಯವಸ್ಥೆಯಲ್ಲಿ, ಕೃಪೆ ತೋರುವವನು ಪರಿಚಿತನಾಗಿರಲಿ ಎಂದು ಬಯಸುವುದು ಮೂರ್ಖತನವಲ್ಲ. ಆದರೆ ಆ ವ್ಯವಸ್ಥೆಯನ್ನು ಹಾಗೆಯೇ ಉಳಿಸಿಕೊಳ್ಳುವುದರಲ್ಲಿ ಯಾರಿಗೆ ಲಾಭವಿದೆ ಎಂಬುದನ್ನೂ ಕೇಳಿಕೊಳ್ಳಬೇಕು. ಅರ್ಜಿ ತಾನಾಗಿ ವಿಲೇವಾರಿಯಾಗುವ ದಿನ ಜಗಲಿಯ ತುದಿಯಲ್ಲಿ ಕುಳಿತು ಕವಳ ಹಾಕುವವನಿಗೆ ಕೆಲಸವಿರುವುದಿಲ್ಲ.

ಅರಣ್ಯಹಕ್ಕು ಕಾಯಿದೆ ಇದಕ್ಕೆ ಸ್ಪಷ್ಟ ನಿದರ್ಶನ. 2006ರ ಆ ಕಾಯಿದೆಯಲ್ಲಿ ಇತರ ಪಾರಂಪರಿಕ ಅರಣ್ಯವಾಸಿಗಳಿಗೆ ಮೂರು ತಲೆಮಾರಿನ, ಅಂದರೆ 75 ವರ್ಷಗಳ, ವಾಸದ ಪುರಾವೆ ಬೇಕೆಂದಿದೆ. ಕೇಳಿರುವುದು ಆ ಪ್ರದೇಶದ ವಾಸಕ್ಕೆ ಪುರಾವೆಯನ್ನು; ಅದೇ ತುಂಡು ನೆಲವನ್ನು 75 ವರ್ಷ ಉತ್ತ ದಾಖಲೆಯನ್ನಲ್ಲ. ನಿಯಮಗಳು ಊರಿನ ಹಿರಿಯರ ಲಿಖಿತ ಹೇಳಿಕೆಯನ್ನೂ ಪುರಾವೆಯೆಂದು ಒಪ್ಪುತ್ತವೆ. ನಿರ್ದಿಷ್ಟ ಬಗೆಯ ಒಂದೇ ದಾಖಲೆಗೆ ಉಪವಿಭಾಗ ಸಮಿತಿಯಾಗಲಿ ಜಿಲ್ಲಾ ಸಮಿತಿಯಾಗಲಿ ಪಟ್ಟುಹಿಡಿಯಬಾರದೆಂದು 2012ರ ತಿದ್ದುಪಡಿ ಸ್ಪಷ್ಟವಾಗಿ ಹೇಳುತ್ತದೆ. ಆದರೂ ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ಅರ್ಜಿಗಳು ರಾಶಿರಾಶಿಯಾಗಿ ತಿರಸ್ಕೃತವಾದವು. ಈ ಸಮಿತಿಗಳಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಚುನಾಯಿತ ಸದಸ್ಯರು ಇರಬೇಕೆಂಬುದೂ ಕಾನೂನೇ. 2021ರಲ್ಲಿ ಅವಧಿ ಮುಗಿದ ಆ ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸಲಿಲ್ಲ. ಇದನ್ನು ನಿಯಮದ ಸಂಖ್ಯೆಯೊಡನೆ ಎತ್ತಿ ಹೇಳಬಲ್ಲ ಪ್ರತಿನಿಧಿಯೊಬ್ಬ ಅರ್ಜಿದಾರರ ಪಾಲಿಗೆ ನೂರು ಸಾಂತ್ವನಗಳಿಗಿಂತ ಹೆಚ್ಚಿನವನು. ಅತಿಕ್ರಮಣದಾರರ ಸಮಾವೇಶಗಳಲ್ಲಿ 'ನಿಮ್ಮೊಂದಿಗೆ ನಾನಿದ್ದೇನೆ' ಎಂದವರ ಸಂಖ್ಯೆಗೆ ಮಾತ್ರ ಕೊರತೆಯಿರಲಿಲ್ಲ.

ಇಷ್ಟು ಹೇಳಿದೊಡನೆ ಎದುರಾಗುವ ಪ್ರಶ್ನೆಯೊಂದಿದೆ, ಅದು ನ್ಯಾಯಯುತವಾದದ್ದೂ ಹೌದು. ಮಲೆನಾಡನ್ನು ಮುಳುಗಿಸಿದವರು ಸಮರ್ಥರಲ್ಲವೇ? 1948ರಲ್ಲಿ ಕಟ್ಟಿ ಮುಗಿಸಿದ ಹಿರೇಭಾಸ್ಕರ ಅಣೆಕಟ್ಟೆಯನ್ನೇ ಎರಡು ದಶಕ ತುಂಬುವ ಮೊದಲು ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿಸಿದ ಎಂಜಿನಿಯರುಗಳು ಅಸಮರ್ಥರಾಗಿದ್ದರೇ? ಹಿನ್ನೀರು ದ್ವೀಪವಾಗಿಸಿದ ತುಮರಿ, ಕರೂರು ಭಾಗದ ಜನ ಸಿಗಂದೂರು ಸೇತುವೆಗಾಗಿ 2025ರ ಜುಲೈವರೆಗೆ, ಅರುವತ್ತು ವರ್ಷ, ಲಾಂಚಿನ ದಾರಿ ಕಾದರು. ಕುದುರೆಮುಖದ ಬೆಟ್ಟವನ್ನು ಅಗೆದು ಭದ್ರೆಯ ಮೂಲವನ್ನು ಕೆಸರಾಗಿಸಿದ ಕಂಪೆನಿಯಲ್ಲಿ ಪದವೀಧರರಿಗೇನು ಕೊರತೆಯಿತ್ತೇ? ಅದನ್ನು ನಿಲ್ಲಿಸಲು ಸುಪ್ರೀಂ ಕೋರ್ಟಿನ 2002ರ ತೀರ್ಪು ಬೇಕಾಯಿತು. ಗಣಿ ನಿಂತದ್ದು 2005ರ ಕೊನೆಗೆ. ರಾಜಧಾನಿಯಲ್ಲಿ ಕುಳಿತ ಜಾಣರಿಗಿಂತ ಜಗಲಿಯಲ್ಲಿ ಕುಳಿತ ದಡ್ಡನೇ ವಾಸಿ ಎಂದು ಜನ ತೀರ್ಮಾನಿಸಿದರೆ ತಪ್ಪೇನು?

ಒಂದು ತಪ್ಪಿದೆ. ಆ ಎಂಜಿನಿಯರುಗಳನ್ನು ಯಾರೂ ಚುನಾಯಿಸಿರಲಿಲ್ಲ. ಅವರ ಸಾಮರ್ಥ್ಯ ಯೋಜನೆಯ ಕಡೆಗಿತ್ತು. ಮುಳುಗುವವರ ಕಡೆಯಿಂದ ಅಷ್ಟೇ ಸಾಮರ್ಥ್ಯದಿಂದ ಲೆಕ್ಕ ಕೇಳಬೇಕಾದವನು ಪ್ರತಿನಿಧಿ. ಆ ಸ್ಥಾನದಲ್ಲಿ ಹೆಚ್ಚು ಬಾರಿ ಇದ್ದದ್ದು ಮೌನ, ಇಲ್ಲವೇ ಪರಿಹಾರದ ಚೆಕ್ಕಿಗೆ ಶಿಫಾರಸು. ಒಂದು ಕಡೆ ತಜ್ಞರ ಪಡೆ, ಇನ್ನೊಂದು ಕಡೆ ಬರಿಯ ಸಹೃದಯತೆ ನಿಂತಾಗ ಗೆಲ್ಲುವವರು ಯಾರೆಂಬುದನ್ನು ಶರಾವತಿ ಕಣಿವೆ ಒಮ್ಮೆ ತೋರಿಸಿದೆ. ಈಗ ಅದೇ ಕಣಿವೆಯ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ, ಸಿಂಗಳೀಕಗಳ ಅಭಯಾರಣ್ಯದ ಒಡಲಿನಲ್ಲಿ, 2,000 ಮೆಗಾವಾಟಿನ ಭೂಗರ್ಭ ಪಂಪ್ಡ್ ಸ್ಟೋರೇಜ್ ಯೋಜನೆ ಬಂದು ನಿಂತಿದೆ. ಉತ್ಪಾದಿಸುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ನೀರೆತ್ತಲು ಬಳಸುವ ಈ ಯೋಜನೆಯ ಸಮರ್ಥಕರ ಬಳಿ ಗ್ರಿಡ್ಡಿನ ಬೇಡಿಕೆ, ಸೌರವಿದ್ಯುತ್ತಿನ ಏರಿಳಿತಗಳ ವಾದವಿದೆ. ಆ ವಾದವನ್ನು ಅದರ ನೆಲದಲ್ಲೇ ಎದುರಿಸಲು ವಿದ್ಯುತ್ ಲೆಕ್ಕ ಗೊತ್ತಿರಬೇಕು. 'ಜೋಗ ನಮ್ಮ ತಾಯಿ' ಎಂಬ ಭಾಷಣ ಸಾಲದು.

ಸಾಮರ್ಥ್ಯವೆಂದರೆ ಪದವಿಯೂ ಅಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಈ ಚರ್ಚೆ ಬಹುಬೇಗ ಆ ಹಳ್ಳಕ್ಕೆ ಬೀಳುತ್ತದೆ. ಹರಿಯಾಣ ಸರಕಾರ 2015ರಲ್ಲಿ ಪಂಚಾಯಿತಿ ಚುನಾವಣೆಗೆ ನಿಲ್ಲುವವರಿಗೆ ಶಾಲಾ ವಿದ್ಯಾಭ್ಯಾಸದ ಮಿತಿ ಹಾಕಿತು. ಸುಪ್ರೀಂ ಕೋರ್ಟು ಅದೇ ವರ್ಷದ ಡಿಸೆಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು. ಶಾಲೆಯ ಬಾಗಿಲನ್ನು ಬಡವರಿಗೆ ಮುಚ್ಚಿಟ್ಟ ಪ್ರಭುತ್ವವೇ ಚುನಾವಣೆಯ ಬಾಗಿಲನ್ನೂ ಮುಚ್ಚಿದ ಈ ಕ್ರಮಕ್ಕಿಂತ ಅನ್ಯಾಯದ್ದು ಬೇರೆ ಬೇಕೇ? ಕಾನಿನ ಒಂದೊಂದು ಮರದ ಹೆಸರು ಬಲ್ಲ, ಹೊಳೆ ಯಾವ ತಿಂಗಳಲ್ಲಿ ಎಲ್ಲಿ ಬತ್ತುತ್ತದೆಂದು ಹೇಳಬಲ್ಲ, ಓದುಬರಹ ಬಾರದ ಹಾಲಕ್ಕಿ ಅಥವಾ ಸಿದ್ದಿ ಹೆಂಗಸು ಪಂಚಾಯಿತಿಯಲ್ಲಿ ಕುಳಿತು 'ಈ ಯೋಜನೆಯ ನೀರು ಎಲ್ಲಿಂದ?' ಎಂದು ಕೇಳಿ, ಉತ್ತರ ಸಿಗುವವರೆಗೆ ಏಳದಿದ್ದರೆ, ಅವಳೇ ಸಮರ್ಥಳು. ಓದಿಸಿ ಕೇಳಿಕೊಳ್ಳುವುದೂ ಓದುವುದೇ. ಕೇಳುವ ಮನಸ್ಸಿಲ್ಲದ ಎಂಜಿನಿಯರಿಂಗ್ ಪದವೀಧರನ ಕೈಗೆ ವರದಿ ಕೊಟ್ಟರೂ ಅದು ಪೀಠೋಪಕರಣವಾಗುತ್ತದೆ.

ಮಲೆನಾಡಿಗೆ ಈ ಬಗೆಯ ಸಾಮರ್ಥ್ಯ ಹೊಸದೇನಲ್ಲ. 1951ರ ಕಾಗೋಡು ಸತ್ಯಾಗ್ರಹದ ಮೂಲದಲ್ಲಿದ್ದದ್ದು ಗೇಣಿ ಅಳೆಯುವ ಕೊಳಗದ ಪ್ರಶ್ನೆ. ಒಡೆಯನ ಕೊಳಗಕ್ಕೂ ನ್ಯಾಯದ ಕೊಳಗಕ್ಕೂ ಎಷ್ಟು ವ್ಯತ್ಯಾಸ? ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಗೇಣಿದಾರರು ಎತ್ತಿದ ಈ ಲೆಕ್ಕದ ಪ್ರಶ್ನೆಯೇ ರಾಮಮನೋಹರ ಲೋಹಿಯಾರನ್ನು ಸಾಗರಕ್ಕೆ ಕರೆತಂದು ಬಂಧನಕ್ಕೊಳಪಡಿಸುವವರೆಗೆ ಬೆಳೆಯಿತು. ಆ ಹೋರಾಟದಿಂದ ಬಂದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ–ಹೊಸನಗರದಿಂದ ವಿಧಾನಸಭೆಗೆ ಆಯ್ಕೆಯಾದರು. ಅವರಿಗಿಂತ 'ನಮ್ಮವ' ಮಲೆನಾಡಿನಲ್ಲಿ ಇನ್ನಾರು? ಆದರೆ ಅವರನ್ನು ಇಂದಿಗೂ ನೆನೆಯುವುದು ಮದುವೆಮನೆಗಳ ಹಾಜರಾತಿಗಾಗಿ ಅಲ್ಲ. ಸದನದಲ್ಲಿ ಆಡಿದ ಮಾತಿಗಾಗಿ, ಓದಿಗಾಗಿ, ಆಡಳಿತ ಪಕ್ಷವೂ ಕಿವಿಗೊಡಬೇಕಾಗಿದ್ದ ವಾದಸರಣಿಗಾಗಿ.

ಇನ್ನೊಂದು ಉದಾಹರಣೆ ದೇವರಾಜ ಅರಸು. ಹುಣಸೂರು ಸೀಮೆಯವರು, ಸಂಖ್ಯೆಯಲ್ಲಿ ಅತ್ಯಲ್ಪವಾದ ಜಾತಿ, ಮೈಸೂರಿನ ಅರಸು ಮನೆತನಗಳ ಹಿನ್ನೆಲೆ. ಮಲೆನಾಡು, ಕರಾವಳಿಗಳ ಗೇಣಿದಾರನಿಗೆ ಯಾವ ಕೋನದಿಂದ ನೋಡಿದರೂ ಅವರು 'ನಮ್ಮವ'ರಲ್ಲ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಉಳುವವನಿಗೆ ನೆಲ ಕೊಟ್ಟದ್ದು ಘೋಷಣೆಯ ಬಲದಿಂದಲ್ಲ. ಹಿಂದಿನ ಕಾಯಿದೆಗಳು ಎಲ್ಲಿ ಸೋತವೆಂಬುದನ್ನು ಅರಿತು ರಚಿಸಿದ ಯಂತ್ರವದು. ಸಿವಿಲ್ ನ್ಯಾಯಾಲಯಗಳ ಬದಲು ತಾಲ್ಲೂಕು ಮಟ್ಟದ ಭೂನ್ಯಾಯಮಂಡಳಿ. ಅದರಲ್ಲಿ ಅಧಿಕಾರಿಯ ಜತೆಗೆ ಸಾರ್ವಜನಿಕ ಸದಸ್ಯರು. ಒಡೆಯನ ವಕೀಲನೆದುರು ಗೇಣಿದಾರ ತೊದಲದಿರಲೆಂದು ಮಂಡಳಿಯ ಮುಂದೆ ವಕೀಲರಿಗೇ ಪ್ರವೇಶವಿಲ್ಲ. ಅರ್ಜಿಗೆ 7ನೇ ನಮೂನೆಯೆಂಬ ಒಂದು ಹಾಳೆ. ಗಡುವು ವಿಸ್ತರಣೆಯಾಗುತ್ತ 1979ರ ಜೂನ್‌ವರೆಗೆ ಹೋಯಿತು. ಉತ್ತರ ಕನ್ನಡದಲ್ಲಿ, ದಕ್ಷಿಣ ಕನ್ನಡದಲ್ಲಿ, ಶಿವಮೊಗ್ಗದಲ್ಲಿ ಇಂದು ಪಹಣಿಯಲ್ಲಿ ಹೆಸರಿರುವ ಎಷ್ಟೋ ಕುಟುಂಬಗಳ ಆಸ್ತಿಯ ಮೂಲ ಆ ಒಂದು ಹಾಳೆ. ಲೋಪಗಳಿರಲಿಲ್ಲವೆಂದಲ್ಲ, ಕೃಷಿ ಕಾರ್ಮಿಕರಿಗೆ ಅದರಿಂದ ದಕ್ಕಿದ್ದು ಅತ್ಯಲ್ಪ. ಅದರೂ ಶರಾವತಿ ಸಂತ್ರಸ್ತರ ಹಕ್ಕುಪತ್ರದ ಪಕ್ಕದಲ್ಲಿ ಈ ಹಕ್ಕುಪತ್ರವನ್ನು ಇಟ್ಟು ನೋಡಿದರೆ ಸಾಕು: ಒಂದನ್ನು ಪರಕೀಯನೊಬ್ಬ ಕಾನೂನು ತಿಳಿದು ಕೊಟ್ಟ, ಅದು ಉಳಿಯಿತು, ಇನ್ನೊಂದನ್ನು ಆಪ್ತರು ಕಾನೂನು ಮರೆತು ಕೊಟ್ಟರು, ಅದು ಬಿದ್ದುಹೋಯಿತು.

ಬೇಡ್ತಿ ಕಣಿವೆಯದು ಜನರೇ ತೋರಿದ ಸಾಮರ್ಥ್ಯ. ಜಲವಿದ್ಯುತ್ ಯೋಜನೆ ಬಂದಾಗ ಶಿರಸಿ ಸೀಮೆಯ ಕೃಷಿಕರು ಬರಿಯ ಧರಣಿ ಕೂರಲಿಲ್ಲ. ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕರೆಸಿ 1981ರಲ್ಲಿ ವಿಚಾರಗೋಷ್ಠಿ ನಡೆಸಿದರು. ಮುಳುಗುವ ಅಡಕೆ, ಮೆಣಸು, ಏಲಕ್ಕಿ, ಕಾಡುಗಳ ಬೆಲೆಯನ್ನು ಸರಕಾರದ ಲಾಭ–ನಷ್ಟದ ಪಟ್ಟಿಯೆದುರು ಇಟ್ಟರು. ಯೋಜನೆ ಪಕ್ಕಕ್ಕೆ ಸರಿಯಿತು. ಎರಡು ವರ್ಷಗಳ ನಂತರದ ಅಪ್ಪಿಕೋ ಚಳವಳಿಗೆ ಈ ಲೆಕ್ಕದ ಆತ್ಮವಿಶ್ವಾಸವೂ ಬೆನ್ನಿಗಿತ್ತು. ಅದೇ ಬೇಡ್ತಿಯನ್ನು ವರದೆಗೆ ಜೋಡಿಸುವ ಪ್ರಸ್ತಾವ ಮತ್ತೆ ಮತ್ತೆ ತಲೆಯೆತ್ತಿದಾಗಲೂ ವರದಿ ತರಿಸಿ ಓದಿ ಪ್ರಶ್ನಿಸುವ ಕೆಲಸ ಹಳ್ಳಿಯ ಸಂಘಟನೆಗಳ ಹೆಗಲಿಗೇ ಬಿದ್ದಿದೆ. ಮತದಾರರೇ ಓದಿ, ಮತದಾರರೇ ಲೆಕ್ಕ ಹಾಕಿ, ಪ್ರತಿನಿಧಿಗೆ ಮನವಿ ಕೊಡುವುದು ವಿಚಿತ್ರ ಕ್ರಮ. ಸಂಬಳ ಪಡೆಯುವವನು ಅವನು.

ಎತ್ತಿನಹೊಳೆಗೆ ಬಂದರೆ ಲೆಕ್ಕವೇ ಮಾತನಾಡುತ್ತದೆ. ಸಕಲೇಶಪುರದ ಹೊಳೆಗಳಿಂದ 24.01 ಟಿಎಂಸಿ ನೀರು ಎತ್ತಿ ಕೋಲಾರ, ಚಿಕ್ಕಬಳ್ಳಾಪುರಗಳ ದಾಹ ತಣಿಸುವುದಾಗಿ ಹೇಳಿದಾಗ ಅಂದಾಜು ವೆಚ್ಚ 8,323 ಕೋಟಿ ರೂಪಾಯಿ. ಅದು 12,912ಕ್ಕೇರಿ, ಮುಂದೆ 23,251 ಕೋಟಿಯಾಯಿತು. ಅಲ್ಲಿ ಸಿಗಬಹುದಾದದ್ದು 9.55 ಟಿಎಂಸಿ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದು ಎಚ್ಚರಿಸಿತ್ತು. 'ಕುಡಿಯುವ ನೀರಿನ ಯೋಜನೆ' ಎಂಬ ಹೆಸರಿನಿಂದಾಗಿ ಪರಿಸರ ಪರಿಣಾಮದ ಅಧ್ಯಯನವೂ ತಪ್ಪಿತು. ಬಯಲುಸೀಮೆಯ ಬಾಯಾರಿದ ರೈತನಿಗೂ ಅವನ 'ನಮ್ಮವ' ಇದ್ದಾನೆ. ಭಗೀರಥನೆಂದು ಹೊಗಳಿಸಿಕೊಂಡ ಅವನೂ 24ರಿಂದ 9.55 ಕಳೆದರೆ ಎಷ್ಟು ಉಳಿಯುತ್ತದೆಂದು ತನ್ನ ಜನರಿಗೆ ಹೇಳಲಿಲ್ಲ. ಘಟ್ಟದವರನ್ನೂ ಬಯಲಿನವರನ್ನೂ ಪರಸ್ಪರ ಎತ್ತಿಕಟ್ಟುವುದಕ್ಕೆ ಆಪ್ತತೆಯ ಭಾಷೆಯಷ್ಟು ಅನುಕೂಲವಾದದ್ದು ಬೇರೊಂದಿಲ್ಲ, ಏಕೆಂದರೆ 'ನಮ್ಮವ' ಇರಬೇಕಾದರೆ ಎಲ್ಲೋ ಒಬ್ಬ 'ಅವರವ' ಇರಲೇಬೇಕು.

2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ, ಹೆದ್ದಾರಿಗಾಗಿ ಬುಡ ಕತ್ತರಿಸಿಕೊಂಡಿದ್ದ ಗುಡ್ಡ ಗಂಗಾವಳಿಗೆ ಕುಸಿದು ಬಿದ್ದಾಗ ನಾಯಕರು ತಡಮಾಡದೆ ಬಂದರು, ಮಳೆಯಲ್ಲಿ ನೆನೆದರು. ಬರಬೇಕಾದದ್ದೇ. ಆದರೆ ಗುಡ್ಡವನ್ನು ಯಾವ ಕೋನದಲ್ಲಿ ಕಡಿಯುತ್ತಿದ್ದಾರೆ, ನೀರು ಹರಿದುಹೋಗುವ ದಾರಿ ಎಲ್ಲಿ ಎಂಬ ಪ್ರಶ್ನೆ ಕೇಳಬೇಕಾಗಿದ್ದ ವರ್ಷಗಳಲ್ಲಿ ಅವರು ಎಲ್ಲಿದ್ದರು?

ಅಭ್ಯರ್ಥಿಯನ್ನು ತೂಗುವ ಸಾಧನಗಳು ಮತದಾರರ ಕೈಗೆಟುಕದವೇನೂ ಅಲ್ಲ. ಹಾಲಿ ಶಾಸಕನಾಗಿದ್ದರೆ ಐದು ವರ್ಷಗಳಲ್ಲಿ ಅವನು ಕೇಳಿದ ಚುಕ್ಕೆ ಗುರುತಿನ ಪ್ರಶ್ನೆಗಳು ಸದನದ ನಡಾವಳಿಯಲ್ಲಿವೆ. ಅದರಲ್ಲಿ ಅರಣ್ಯಹಕ್ಕು ಎಷ್ಟು ಸಲ ಬಂದಿದೆ, ಕ್ವಾರಿ ಪರವಾನಗಿ ಎಷ್ಟು ಸಲ ಬಂದಿದೆ ಎಂದು ಎಣಿಸಲು ಪದವಿ ಬೇಡ. ಪಂಚಾಯಿತಿಯ ಸದಸ್ಯನಾಗಿದ್ದರೆ, 2002ರ ಜೀವವೈವಿಧ್ಯ ಕಾಯಿದೆಯಡಿ ರಚನೆಯಾಗಬೇಕಾದ ಸಮಿತಿ ಅವನ ಅವಧಿಯಲ್ಲಿ ಎಷ್ಟು ಬಾರಿ ಸೇರಿತು, ಜೀವವೈವಿಧ್ಯ ದಾಖಲಾತಿಯ ಪುಸ್ತಕ ಯಾರ ಕಪಾಟಿನಲ್ಲಿದೆ ಎಂದು ಕೇಳಬಹುದು. ಯೋಜನೆಯೊಂದರ ಸಾರ್ವಜನಿಕ ಅಹವಾಲಿಗೆ ಮೂವತ್ತು ದಿನ ಮೊದಲು ನೋಟೀಸು ಬರಬೇಕು, ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಇದು 2006ರ ಅಧಿಸೂಚನೆಯ ಷರತ್ತು. ಅಹವಾಲಿನ ದಿನ ಅವನು ಹಾಜರಿದ್ದನೇ, ಇದ್ದರೆ ಆ ಸಾರಾಂಶದ ಯಾವ ಪುಟವನ್ನು ಹಿಡಿದು ಮಾತನಾಡಿದ? ಅಹವಾಲಿನ ನಡಾವಳಿಯೂ ಸಾರ್ವಜನಿಕ ದಾಖಲೆಯೇ.

ಹೊಸಬನಾಗಿದ್ದರೆ ಇನ್ನೂ ಸುಲಭ. ಪಶ್ಚಿಮಘಟ್ಟದ ಕರಡು ಅಧಿಸೂಚನೆಯ ಕೊನೆಯಲ್ಲಿ ಗ್ರಾಮಗಳ ಪಟ್ಟಿಯಿದೆ, ತಾಲ್ಲೂಕುವಾರು. ಮತ ಕೇಳಲು ಬಂದವನನ್ನು ಕೂರಿಸಿ, ಆಸರಿಗೆ ಕೊಟ್ಟು, ಅವನು ನಿಂತ ಕ್ಷೇತ್ರದ ಎಷ್ಟು ಊರುಗಳು ಆ ಪಟ್ಟಿಯಲ್ಲಿವೆ, ಅವುಗಳಲ್ಲಿ ಯಾವುದಕ್ಕೆ ಆಕ್ಷೇಪವಿದೆ, ಯಾವ ಕಾರಣಕ್ಕೆ, ಯಾವ ಸರ್ವೆ ನಂಬರಿಗೆ ಎಂದು ವಿಚಾರಿಸಬಹುದು. ಗೊತ್ತಿಲ್ಲವೆಂದರೆ ಪಟ್ಟಿಯ ಒಂದು ಪ್ರತಿಯನ್ನು ಕೈಗಿತ್ತು, ಓದಿಕೊಂಡು ಮುಂದಿನ ವಾರ ಬರಲು ಹೇಳಬಹುದು.